ಮೊದಲನೆಯದು ಸಿಸೇರಿಯನ್. ಎರಡನೆಯದಕ್ಕೆ ನಾರ್ಮಲ್ ಪ್ರಯತ್ನಿಸಬಹುದಾ?

ಶಿರಸಿಯ ಮಗಳು

ಎಲ್ಲರಿಗೂ ನಮಸ್ಕಾರ. ನನಗೀಗ ಏಳು ತಿಂಗಳು. ದಿನ ತುಂಬುವುದು ಆಗಸ್ಟ್ ಕೊನೆಗೆ. ಮೊದಲ ಮಗಳಿಗೆ ಮೂರೂವರೆ ವರ್ಷ. ಅವಳು ಕೊನೆಯವರೆಗೂ ಹೊಟ್ಟೆಯೊಳಗೆ ತಲೆ ಮೇಲೆ ಮಾಡಿಕೊಂಡೇ ಇದ್ದಳು. ಹಾಗಾಗಿ ಬೆಂಗಳೂರಿನಲ್ಲಿ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿದರು. ಹೆರಿಗೆ ನೋವು ಹೇಗಿರುತ್ತದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಸಲ ಮಗುವಿನ ತಲೆ ಸದ್ಯಕ್ಕೆ ಕೆಳಗಿದೆ. ಡಾಕ್ಟರು "ನಾರ್ಮಲ್‌ಗೆ ಪ್ರಯತ್ನಿಸಬಹುದು, ಬೇಡ ಅಂದರೆ ಸಿಸೇರಿಯನ್ ಮಾಡೋಣ, ಯೋಚಿಸಿ ಹೇಳಿ" ಅಂದರು. ಅವತ್ತಿನಿಂದ ಮನೆಯಲ್ಲಿ ಇದೇ ಮಾತು. ಅತ್ತೆ "ಒಂದು ಸಲ ಹೊಟ್ಟೆ ಕೊಯ್ದ ಮೇಲೆ ಮತ್ತೆ ಕೊಯ್ಯಲೇಬೇಕು" ಅಂತಾರೆ. ಅಮ್ಮ ಎಂಟಕ್ಕೆ ಬೀಳುತ್ತಲೇ ಶಿರಸಿಗೆ ಬಾ ಅಂತ ಹಟ ಹಿಡಿದಿದ್ದಾರೆ. ಹೆರಿಗೆ, ಬಾಣಂತನ ಎರಡೂ ಅಲ್ಲೇ ಆಗಲಿ ಅನ್ನುವುದು ಅವರ ಆಸೆ. ಗಂಡ "ನಿನ್ನ ಮೈ, ನಿನ್ನ ತೀರ್ಮಾನ, ನಾನು ಜೊತೆಗಿರುತ್ತೇನೆ" ಅಂತಾರೆ.

ನನಗೆ ಒಳಗೊಳಗೆ ನಾರ್ಮಲ್ ಆಸೆ ಇದೆ. ಆಪರೇಷನ್ ಆದರೆ ಚಿಕ್ಕವಳನ್ನು ವಾರಗಟ್ಟಲೆ ಎತ್ತಿಕೊಳ್ಳುವ ಹಾಗಿಲ್ಲ, ಅವಳಿಗೆ ಅದನ್ನು ಹೇಗೆ ಹೇಳುವುದು? ಆದರೆ ಒಳಗಿನ ಹೊಲಿಗೆ ಬಿಚ್ಚಿಕೊಳ್ಳಬಹುದು ಅಂತ ಓದಿದ ಮೇಲೆ ನಿದ್ದೆ ಹತ್ತುತ್ತಿಲ್ಲ. ನೀವೆಲ್ಲ ಏನು ನೋಡಿ ತೀರ್ಮಾನ ಮಾಡಿದಿರಿ?

ಹಾಸನದ ಅಮ್ಮ

ನನ್ನದು ಎರಡನೆಯದು ನಾರ್ಮಲ್ ಆಯಿತು. ಮೊದಲ ಹೆರಿಗೆಯಲ್ಲಿ ಮಗುವಿನ ಎದೆಬಡಿತ ಇಳಿಯಿತು ಅಂತ ಅವಸರದಲ್ಲಿ ಸಿಸೇರಿಯನ್ ಮಾಡಿದ್ದರು.

ನೀವು ಮೊದಲು ಮಾಡಬೇಕಾದ ಕೆಲಸ ಹಳೆಯ ಡಿಸ್ಚಾರ್ಜ್ ಸಮ್ಮರಿ ಹುಡುಕುವುದು. ನನ್ನ ಡಾಕ್ಟರು ಬೇರೆ ಮಾತೇ ಆಡದೆ ಅದನ್ನು ಕೇಳಿದರು. ಹೊಟ್ಟೆಯ ಮೇಲಿನ ಗೆರೆ ಅಡ್ಡ ಇದೆಯಲ್ಲ ಅಂದೆ. "ಅದು ಚರ್ಮದ ಗೆರೆ ಅಮ್ಮಾ, ಗರ್ಭಕೋಶದ ಮೇಲೆ ಹೇಗೆ ಕೊಯ್ದಿದ್ದಾರೆ ಅಂತ ಕಾಗದವೇ ಹೇಳಬೇಕು" ಅಂದರು. ಹಳೆಯ ಆಸ್ಪತ್ರೆಗೆ ಹೋಗಿ ಆಪರೇಷನ್ ವಿವರದ ಪ್ರತಿ ತಂದುಕೊಟ್ಟೆವು.

ನೋವು ತಾನಾಗಿಯೇ ಶುರುವಾಗಲಿ ಅಂತ ಕಾದರು. ಆಸ್ಪತ್ರೆಗೆ ಸೇರಿದ ಮೇಲೆ ಹೊಟ್ಟೆಗೆ ಬೆಲ್ಟ್ ಕಟ್ಟಿ ಮಗುವಿನ ಎದೆಬಡಿತವನ್ನು ಬಿಡದೆ ನೋಡಿದರು. ಅದೊಂದು ಕಷ್ಟ, ಬೇಕಾದ ಹಾಗೆ ಓಡಾಡಲು ಆಗಲಿಲ್ಲ. ನೋವು ಕಡಿಮೆಯಾಗಲು ಬೆನ್ನಿಗೆ ಎಪಿಡ್ಯೂರಲ್ ಚುಚ್ಚುಮದ್ದು ಕೊಟ್ಟರು. ಕೆಳಗೆ ಹೊಲಿಗೆ ಬಿತ್ತು, ಅದು ಮಾಯುವವರೆಗೆ ಕೂರಲು ನೋವಿತ್ತು. ನಾರ್ಮಲ್ ಅಂದರೆ ನೋವೇ ಇಲ್ಲದೆ ಎದ್ದು ಓಡಾಡುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೂ ಮರುದಿನ ದೊಡ್ಡವನನ್ನು ಮಡಿಲಲ್ಲಿ ಕೂರಿಸಿಕೊಂಡೆ. ನನಗೆ ಅಷ್ಟೇ ಬೇಕಿತ್ತು.

ದಾವಣಗೆರೆ ಬೆಣ್ಣೆ

ನಾನು ಎರಡನೆಯದಕ್ಕೂ ಸಿಸೇರಿಯನ್ ಆರಿಸಿಕೊಂಡೆ. ತುಂಬಾ ಸಮಾಧಾನ ಇದೆ.

ಮೊದಲ ಸಲ ರಾತ್ರಿಯಿಡೀ ನೋವು ತಿಂದು, ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೂ ಮಗು ಕೆಳಗೆ ಇಳಿಯಲಿಲ್ಲ. ಕೊನೆಗೆ ಆಪರೇಷನ್. ಈ ಸಲ ಡಾಕ್ಟರು ಪ್ರಯತ್ನಿಸಬಹುದು, ಆದರೆ ನಿಮ್ಮ ವಿಷಯದಲ್ಲಿ ಗೆಲ್ಲುವ ಅವಕಾಶ ಸ್ವಲ್ಪ ಕಡಿಮೆ ಅಂದರು. ಮತ್ತೆ ಅದೇ ದಾರಿಯಲ್ಲಿ ಅರ್ಧ ಹೋಗಿ ವಾಪಸ್ ಬರುವುದು ನನಗೆ ಬೇಡವಾಗಿತ್ತು. ದಿನ ಗೊತ್ತಿತ್ತು, ಅಮ್ಮ ಬಂದಿದ್ದರು, ಮಗನನ್ನು ನೋಡಿಕೊಳ್ಳಲು ಜನ ಇದ್ದರು. ನಾರ್ಮಲ್ ಆದವರು ಗಟ್ಟಿಗಿತ್ತಿಯರು, ಉಳಿದವರು ಮೈಗಳ್ಳರು ಅನ್ನುವ ಧಾಟಿಯ ಮಾತು ಕೇಳಿ ಸಾಕಾಗಿದೆ. ದಯವಿಟ್ಟು ಇಲ್ಲಿ ಯಾರೂ ಹಾಗೆ ಬರೆಯಬೇಡಿ.

ಪ್ರಸೂತಿ ವೈದ್ಯೆ, ಮೈಸೂರು

ಶಿರಸಿಯವರೇ, ನಿಮ್ಮನ್ನು ಪರೀಕ್ಷೆ ಮಾಡದೆ ನಾನು ಹೀಗೇ ಮಾಡಿ ಅನ್ನಲಾರೆ. ಆದರೆ ನೀವು ಯಾವ ಅಂಕಿ ಮುಂದಿಟ್ಟುಕೊಂಡು ಯೋಚಿಸಬೇಕು ಅಂತ ಹೇಳಬಲ್ಲೆ.

ಒಂದು ಸಿಸೇರಿಯನ್ ಆದವರು ನಾರ್ಮಲ್‌ಗೆ ಪ್ರಯತ್ನಿಸಿದರೆ 100ಕ್ಕೆ ಸುಮಾರು 72ರಿಂದ 75 ಜನರಿಗೆ ಆಗುತ್ತದೆ. ಇದು ಬ್ರಿಟನ್ನಿನ ಪ್ರಸೂತಿ ವೈದ್ಯರ ರಾಯಲ್ ಕಾಲೇಜಿನ ಮಾರ್ಗಸೂಚಿ ಕೊಡುವ ಲೆಕ್ಕ. ಅಮೆರಿಕದ ವೈದ್ಯರ ಸಂಘ 60ರಿಂದ 80 ಅನ್ನುತ್ತದೆ. ಮೊದಲ ಸಿಸೇರಿಯನ್ ಯಾಕೆ ಆಯಿತು ಅನ್ನುವುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ಮಗು ತಲೆಕೆಳಗಾಗಿರದ ಕಾರಣಕ್ಕೆ ಆಗಿದ್ದರೆ 84ರ ಹತ್ತಿರ. ಎದೆಬಡಿತ ಇಳಿದಿದ್ದಕ್ಕೆ ಆಗಿದ್ದರೆ 73. ದಾವಣಗೆರೆಯವರ ಹಾಗೆ ಹೆರಿಗೆ ಮುಂದುವರಿಯದೆ ನಿಂತಿದ್ದರೆ 64. ಹಿಂದೆ ಒಂದಾದರೂ ನಾರ್ಮಲ್ ಆಗಿದ್ದವರಿಗೆ ಇನ್ನೂ ಜಾಸ್ತಿ, 85ರಿಂದ 90. ತೂಕ ಜಾಸ್ತಿ ಇದ್ದರೆ, ವಯಸ್ಸು 40 ದಾಟಿದ್ದರೆ, ಔಷಧಿ ಕೊಟ್ಟು ನೋವು ಬರಿಸಬೇಕಾದರೆ ಅವಕಾಶ ಇಳಿಯುತ್ತದೆ.

ಈಗ ನಿಮ್ಮ ನಿದ್ದೆ ಕೆಡಿಸಿದ ವಿಷಯ. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದರೆ, ನೋವು ತಾನಾಗಿ ಬಂದಾಗ ಆ ಗಾಯ ಬಿಚ್ಚಿಕೊಳ್ಳುವುದು ಸುಮಾರು 200ರಲ್ಲಿ ಒಬ್ಬರಿಗೆ. ದಿನ ಗೊತ್ತು ಮಾಡಿದ ಸಿಸೇರಿಯನ್‌ನಲ್ಲಿ ಅದು 10,000ಕ್ಕೆ ಇಬ್ಬರಿಗಿಂತ ಕಡಿಮೆ. ಡ್ರಿಪ್ ಹಾಕಿ ನೋವು ಬರಿಸಿದರೆ ಅಥವಾ ಹೆಚ್ಚಿಸಿದರೆ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ನೋವು ಬರಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನಂತೂ ದಿನ ತುಂಬಿದ, ಸಿಸೇರಿಯನ್ ಆದವರಿಗೆ ಕೊಡಲೇಬಾರದು. ಎರಡು ಹೆರಿಗೆಯ ನಡುವಿನ ಅಂತರ ತುಂಬಾ ಕಡಿಮೆ ಇದ್ದರೂ ಅಪಾಯ ಜಾಸ್ತಿ. ನಿಮ್ಮದು ಮೂರೂವರೆ ವರ್ಷ, ಆ ಚಿಂತೆ ಬೇಡ.

ಅತ್ತೆಯವರ ಮಾತಿಗೂ ಒಂದು ಇತಿಹಾಸ ಇದೆ. 1916ರಲ್ಲಿ ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್ ಇದೇ ಅರ್ಥದ ಮಾತು ಬರೆದಿದ್ದರು. ಆಗ ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದ ಸೀಳುತ್ತಿದ್ದರು. ಆ ಗಾಯ ಹೆರಿಗೆ ನೋವನ್ನು ತಾಳಿಕೊಳ್ಳುವುದು ಕಷ್ಟ. ಈಗಲೂ ಅಂಥ ಉದ್ದ ಗಾಯ ಇದ್ದವರಿಗೆ ನಾವು ನಾರ್ಮಲ್ ಬೇಡ ಅಂತಲೇ ಹೇಳುತ್ತೇವೆ. ಕೆಳಭಾಗದ ಅಡ್ಡ ಕೊಯ್ತ ಬಂದ ಮೇಲೆ ಆ ನಿಯಮ ಎಲ್ಲರಿಗೂ ಅನ್ವಯ ಆಗುವುದಿಲ್ಲ.

ಇನ್ನೊಂದು ಮಾತು. ಎಲ್ಲಕ್ಕಿಂತ ಸಲೀಸು ನಾರ್ಮಲ್ ಆಗಿಬಿಡುವುದು. ಎಲ್ಲಕ್ಕಿಂತ ತ್ರಾಸು ಪ್ರಯತ್ನಿಸಿ, ಆಗದೆ, ಅವಸರದ ಸಿಸೇರಿಯನ್‌ಗೆ ಹೋಗುವುದು. ಅದರಲ್ಲಿ ರಕ್ತಸ್ರಾವ, ನಂಜು ಎರಡೂ ಜಾಸ್ತಿ. ದಿನ ಗೊತ್ತು ಮಾಡಿದ ಸಿಸೇರಿಯನ್ ಇವೆರಡರ ನಡುವೆ ಬರುತ್ತದೆ. ಹಾಗಾಗಿ ನಿಮ್ಮ ಅವಕಾಶ ಎಷ್ಟು ಅನ್ನುವುದು ಮುಖ್ಯ.

ಲೇಬರ್ ವಾರ್ಡ್ ಸಿಸ್ಟರ್

ಡಾಕ್ಟರಮ್ಮ ಹೇಳಿದ್ದು ಸರಿ. ಆದರೆ ನಾನು ಇದನ್ನು ಬೇರೆ ಕಡೆಯಿಂದ ನೋಡುತ್ತೇನೆ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವಳು ನಾನು. ನಾರ್ಮಲ್ಲೋ ಸಿಸೇರಿಯನ್ನೋ ಅಂತ ಮನೆಯವರೆಲ್ಲ ಜಗಳ ಆಡುತ್ತಾರೆ. ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ನನಗೆ ಕೇಳಿದರೆ ಅದೇ ಮೊದಲ ಪ್ರಶ್ನೆ.

200ರಲ್ಲಿ ಒಬ್ಬರಿಗೆ ಆಗುವುದು ನಿಮಗೇ ಆಯಿತು ಅಂದುಕೊಳ್ಳಿ. ಮಗು ಉಳಿಯುವುದು ನಿಮಿಷಗಳ ಮೇಲೆ ನಿಂತಿರುತ್ತದೆ. ಆಗ ಥಿಯೇಟರ್ ತೆರೆದಿರಬೇಕು, ಅರಿವಳಿಕೆ ಡಾಕ್ಟರ್ ಕಟ್ಟಡದೊಳಗೇ ಇರಬೇಕು, ರಕ್ತ ಸಿಗಬೇಕು, ಮಕ್ಕಳ ಡಾಕ್ಟರ್ ಬರಬೇಕು. ಸಣ್ಣ ಊರುಗಳಲ್ಲಿ ಒಬ್ಬರೇ ಅರಿವಳಿಕೆ ಡಾಕ್ಟರು ನಾಲ್ಕಾರು ನರ್ಸಿಂಗ್ ಹೋಮ್‌ಗೆ ಹೋಗುತ್ತಿರುತ್ತಾರೆ. ಹಗಲು ಹನ್ನೊಂದು ಗಂಟೆಯ ಸಿಸೇರಿಯನ್‌ಗೆ ಅದು ನಡೆಯುತ್ತದೆ. ರಾತ್ರಿ ಎರಡಕ್ಕೆ ಫೋನ್ ಮಾಡಿ, ಅವರು ಎದ್ದು, ಬಂದು ಮುಟ್ಟುವ ಹೊತ್ತಿಗೆ ತಡವಾಗಿರುತ್ತದೆ.

ಅಮ್ಮನ ಊರು ಶಿರಸಿ ಅಂದಿರಿ. ಉತ್ತರ ಕನ್ನಡದ ಜನ ದೊಡ್ಡ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೂಗುತ್ತಿರುವುದು ನಿಮಗೇ ಗೊತ್ತು. ಹುಬ್ಬಳ್ಳಿ ಅಲ್ಲಿಂದ ನೂರು ಕಿಲೋಮೀಟರ್ ಹತ್ತಿರ. ಅದೂ ಮಳೆಗಾಲ. ಶಿರಸಿಯಲ್ಲೂ ಸಿಸೇರಿಯನ್ ಮಾಡುವ ಆಸ್ಪತ್ರೆಗಳಿವೆ, ಇಲ್ಲ ಅನ್ನುತ್ತಿಲ್ಲ. ಆದರೆ ನೀವು ಪ್ರಯತ್ನಿಸಬೇಕು ಅಂತಿದ್ದರೆ ಅಲ್ಲಿಗೆ ಹೋಗಿ ನೇರವಾಗಿ ಕೇಳಿ. ರಾತ್ರಿ ಅರಿವಳಿಕೆ ಡಾಕ್ಟರು ಎಲ್ಲಿರುತ್ತಾರೆ? ರಕ್ತ ಒಳಗೇ ಇದೆಯಾ, ಹೊರಗಿನಿಂದ ತರಬೇಕಾ? ನೋವಿನುದ್ದಕ್ಕೂ ಮಗುವಿನ ಎದೆಬಡಿತ ನೋಡುವ ಮೆಷಿನ್ ಖಾಲಿ ಸಿಗುತ್ತದಾ? ನಾರ್ಮಲ್ ಅಂತ ಕಾದು ಕೊನೇ ಗಳಿಗೆಯಲ್ಲಿ ಹುಬ್ಬಳ್ಳಿಗೆ ಕಳಿಸುವ ಪ್ರಸಂಗ ಎಷ್ಟು ಸಲ ಬರುತ್ತದೆ? ಉತ್ತರ ಹೇಳಲು ಸಿಟ್ಟು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಧಾರವಾಡ ಪೇಡೆ

ಸಿಸ್ಟರ್, ನಮ್ಮ ನರ್ಸಿಂಗ್ ಹೋಮ್‌ನಲ್ಲಿ ನಾನು ಮಾತಾಡುವ ಮೊದಲೇ "ನಿಮಗೆ ಸಿಸೇರಿಯನ್ನೇ" ಅಂದರು. ದುಡ್ಡಿಗಾಗಿ ಅಂತಲೇ ನನಗೆ ಅನ್ನಿಸಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕ ನೋಡಿ. ಕರ್ನಾಟಕದಲ್ಲಿ 100 ಹೆರಿಗೆಯಲ್ಲಿ 31.5 ಸಿಸೇರಿಯನ್. ಇಡೀ ದೇಶದಲ್ಲಿ 21.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ ತೆಗೆದುಕೊಂಡರೆ 47.4. ಇಷ್ಟು ಜನಕ್ಕೆ ನಿಜವಾಗಲೂ ಬೇಕಿತ್ತಾ?

ಲೇಬರ್ ವಾರ್ಡ್ ಸಿಸ್ಟರ್

ಮೊದಲ ಸಿಸೇರಿಯನ್ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಲ್ಲಿ ಬೇಡದ್ದು ಎಷ್ಟೋ ನಡೆಯುತ್ತದೆ. ಎರಡನೆಯದರ ವಿಷಯ ಬೇರೆ. ರಾತ್ರಿ ವ್ಯವಸ್ಥೆ ಇಲ್ಲದ ಸಣ್ಣ ಆಸ್ಪತ್ರೆ "ನಾರ್ಮಲ್ ನಮ್ಮಲ್ಲಿ ಬೇಡ" ಅಂದರೆ ಅದು ಪ್ರಾಮಾಣಿಕ ಮಾತು. "ಕಾದು ನೋಡೋಣ ಬನ್ನಿ" ಅಂತ ಸೇರಿಸಿಕೊಳ್ಳುವವರಿಗಿಂತ ಅವರೇ ವಾಸಿ. ಆದರೆ "ನಮ್ಮಲ್ಲಿ ಬೇಡ, ಇಂಥ ಕಡೆ ಮಾಡುತ್ತಾರೆ" ಅಂತ ದಾರಿ ತೋರಿಸಬೇಕು. ಅದನ್ನು ಹೇಳದಿರುವುದು ತಪ್ಪು.

ಕೊಪ್ಪಳದವಳು

ನನ್ನದು ಉಲ್ಟಾ ಭಯ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರಲ್ಲ, ಅವತ್ತಿನಿಂದ ನಮ್ಮ ಮನೆಯಲ್ಲಿ ಆಪರೇಷನ್ ಅಂದರೆ ಎಲ್ಲರೂ ಅಳುತ್ತಾರೆ. ಏನೇ ಆಗಲಿ ನಾರ್ಮಲ್ಲೇ ಆಗಬೇಕು ಅಂತಾರೆ. ನನ್ನ ಮೊದಲ ಸಿಸೇರಿಯನ್ ಆಗಿ ಇನ್ನೂ ಒಂದೂವರೆ ವರ್ಷ ಆಗಿಲ್ಲ.

ಪ್ರಸೂತಿ ವೈದ್ಯೆ, ಮೈಸೂರು

ಆ ಸಾವುಗಳು ನನ್ನನ್ನೂ ತುಂಬಾ ಕಾಡಿವೆ. ಅಲ್ಲಿ ಸಂಶಯ ಬಂದದ್ದು ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ. ಸರ್ಕಾರ ಅದನ್ನು ತಯಾರಿಸಿದ ಕಂಪನಿಯ ದ್ರವದ ಬಳಕೆ ನಿಲ್ಲಿಸಿತು. ಆ ಕುಟುಂಬಗಳಿಗೆ ನ್ಯಾಯ ಸಿಗಬೇಕು. ಆದರೆ ಆ ಭಯದಿಂದ ನಿಮ್ಮ ತೀರ್ಮಾನ ಆಗಬಾರದು. ನಿಮ್ಮ ಎರಡು ಹೆರಿಗೆಯ ಅಂತರ ಕಡಿಮೆ ಇದೆ. ನಿಮಗೆ ನೋವು ಬರುವ ಮೊದಲೇ, ಈ ವಾರವೇ, ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿಗೆ ತಾಯಿ ಕಾರ್ಡ್ ಮತ್ತು ಹಳೆಯ ಕಾಗದ ತೆಗೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಹೋಗಿಬರುವ ವಾಹನ ಎಲ್ಲ ಉಚಿತ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದು ನಿಮ್ಮ ಹಕ್ಕು. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ.

ತುಮಕೂರಿನ ಅಪ್ಪ

ನಾವು ಸಿಸೇರಿಯನ್ ಅಂತ ಆಗಲೇ ತೀರ್ಮಾನ ಮಾಡಿದ್ದೇವೆ. ಜೋಯಿಸರು ಒಂದು ಒಳ್ಳೆಯ ನಕ್ಷತ್ರ ಹೇಳಿದ್ದಾರೆ. ಆ ದಿನಕ್ಕೆ 37 ವಾರ ಮುಗಿದಿರುತ್ತದೆ. ಮಾಡಿಸಬಹುದಾ? ನಮ್ಮಪ್ಪನಿಗೆ ಇದು ತುಂಬಾ ಮುಖ್ಯ.

ಪ್ರಸೂತಿ ವೈದ್ಯೆ, ಮೈಸೂರು

ಬೇಡ. ಬೇರೆ ತೊಂದರೆ ಇಲ್ಲದಿದ್ದರೆ 39 ವಾರ ಆಗಲಿ. ನೋವೂ ಬರದೆ, ದಿನವೂ ತುಂಬದೆ ಹೊರಗೆ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಜಾಸ್ತಿ. ಹುಟ್ಟಿದ ಮಗು ಅಮ್ಮನ ಮಗ್ಗುಲಲ್ಲಿ ಇರುವ ಬದಲು ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಸೇರುತ್ತದೆ. 39 ತುಂಬಿದ ಮೇಲಿನ ದಿನಗಳಲ್ಲಿ ಯಾವುದು ಒಳ್ಳೆಯದು ಅಂತ ಜೋಯಿಸರನ್ನು ಕೇಳಿ. ನಿಮ್ಮಪ್ಪನವರ ಮನಸ್ಸಿಗೂ ಬೇಜಾರಾಗುವುದಿಲ್ಲ, ಮಗುವಿಗೂ ಒಳ್ಳೆಯದು.

ಲೀಡ್ಸ್ ಕನ್ನಡತಿ

ತುಮಕೂರಿನವರೇ, ಒಂದು ಸೇರಿಸುತ್ತೇನೆ. ದಿನ ಗೊತ್ತು ಮಾಡಿದರೂ ಮಗು ಕಾಯಬೇಕಲ್ಲ. ಹತ್ತರಲ್ಲಿ ಒಬ್ಬರಿಗೆ ಆ ದಿನಕ್ಕೆ ಮೊದಲೇ ನೋವು ಶುರುವಾಗುತ್ತದೆ. ನನಗೂ ಹಾಗೇ ಆಯಿತು. ಇಲ್ಲಿ ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ಎದುರು ಕೂರಿಸಿಕೊಂಡು ಎರಡೂ ದಾರಿಯ ಲಾಭ ನಷ್ಟ ಹೇಳುತ್ತಾರೆ. ನಾನು ಸಿಸೇರಿಯನ್ ಅಂದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಆದರೆ "ದಿನಕ್ಕೆ ಮೊದಲೇ ನೋವು ಬಂದರೆ ಏನು ಮಾಡೋಣ" ಅಂತ ಅವತ್ತೇ ಕೇಳಿ ಬರೆದಿಟ್ಟುಕೊಂಡರು. ನೋವು ಬಂದಾಗ ಆ ಹಾಳೆ ತುಂಬಾ ಉಪಯೋಗಕ್ಕೆ ಬಂತು. ಯಾರೂ ಗಾಬರಿಯಾಗದೆ ಥಿಯೇಟರ್‌ಗೆ ಕರೆದುಕೊಂಡು ಹೋದರು. ನೀವೂ ನಿಮ್ಮ ಡಾಕ್ಟರ ಹತ್ತಿರ ಇದನ್ನು ಮಾತಾಡಿ ಇಡಿ.

ಶಿರಸಿಯ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲ ಓದಿದೆ, ಗಂಡನಿಗೂ ಓದಿಸಿದೆ. ಹಳೆಯ ಸಮ್ಮರಿ ಸಿಕ್ಕಿತು. "ಎಲ್‌ಎಸ್‌ಸಿಎಸ್" ಅಂತ ಬರೆದಿದೆ, ಬೇರೆ ತೊಂದರೆ ಏನೂ ಬರೆದಿಲ್ಲ. ಒಂದು ಪ್ರಶ್ನೆ. ನನ್ನ ನಾದಿನಿಗೆ ಸ್ಕ್ಯಾನ್‌ನಲ್ಲಿ ಹಳೆಯ ಗಾಯದ ದಪ್ಪ ಅಳೆದು, ತೆಳ್ಳಗಿದೆ ಅಂತ ನಾರ್ಮಲ್ ಬೇಡ ಅಂದರಂತೆ. ನಾನೂ ಅಳೆಸಬೇಕಾ?

ಪ್ರಸೂತಿ ವೈದ್ಯೆ, ಮೈಸೂರು

ಎಲ್‌ಎಸ್‌ಸಿಎಸ್ ಅಂದರೆ ಗರ್ಭಕೋಶದ ಕೆಳಭಾಗದ ಕೊಯ್ತ. ಒಳ್ಳೆಯ ಸುದ್ದಿ. ಕೊಯ್ತ ಅಡ್ಡವೇ, ಪಕ್ಕಕ್ಕೆ ಹರಿದಿರಲಿಲ್ಲವೇ ಅಂತ ನಿಮ್ಮ ಡಾಕ್ಟರು ಆಪರೇಷನ್ ವಿವರ ನೋಡಿ ಖಚಿತ ಮಾಡಿಕೊಳ್ಳಲಿ.

ದಪ್ಪ ಅಳೆಯುವ ರೂಢಿ ನಮ್ಮಲ್ಲಿ ತುಂಬಾ ಇದೆ. ತೀರಾ ತೆಳ್ಳಗಿದ್ದರೆ ಎಚ್ಚರಿಕೆ ಬೇಕು, ನಿಜ. ಆದರೆ ಇಷ್ಟು ಮಿಲಿಮೀಟರ್ ಇದ್ದರೆ ಸೈ, ಇಷ್ಟಿದ್ದರೆ ಬೇಡ ಅನ್ನುವ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಆ ಒಂದು ಅಂಕಿಯ ಮೇಲೆ ತೀರ್ಮಾನ ಮಾಡಬೇಡಿ. ಸ್ಕ್ಯಾನ್‌ನಲ್ಲಿ ನೀವು ತಪ್ಪದೆ ಕೇಳಬೇಕಾದ್ದು ಮಾಸು ಎಲ್ಲಿದೆ ಅಂತ. ಅದು ಕೆಳಗೆ, ಹಳೆಯ ಗಾಯದ ಮೇಲೆ ಕೂತಿದ್ದರೆ ನಾರ್ಮಲ್‌ನ ಮಾತೇ ಇಲ್ಲ. ಅದು ಗಾಯದೊಳಕ್ಕೆ ಬೇರೂರಿದ್ದರೆ ಬಿಡಿಸುವಾಗ ವಿಪರೀತ ರಕ್ತ ಹೋಗುತ್ತದೆ, ಅದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕು.

ಇದೇ ಕಾರಣಕ್ಕೆ ಇನ್ನೂ ಎಷ್ಟು ಮಕ್ಕಳು ಬೇಕು ಅಂತಲೂ ನಾನು ಕೇಳುತ್ತೇನೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಾಗ, ಅದು ಗರ್ಭಕೋಶದೊಳಕ್ಕೆ ಬೇರೂರುವ ಅಪಾಯ ಎರಡನೇ ಸಿಸೇರಿಯನ್ ವೇಳೆಗೆ 100ಕ್ಕೆ 11, ಮೂರನೆಯದಕ್ಕೆ 40, ನಾಲ್ಕನೆಯದಕ್ಕೆ 61. ಎರಡೇ ಸಾಕು ಅನ್ನುವವರಿಗೆ ಇದರ ತೂಕ ಕಡಿಮೆ. ಮೂರನೆಯದರ ಆಸೆ ಇದ್ದವರು ಇದನ್ನು ಯೋಚಿಸಲೇಬೇಕು.

ಕರಾವಳಿ ಹುಡುಗಿ

ಆಗದೇ ಹೋದವಳ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ. ಮಂಗಳೂರಿನಲ್ಲಿ ಪ್ರಯತ್ನಿಸಿದೆ. ಗರ್ಭಕೋಶದ ಬಾಯಿ ತೆರೆಯುವುದು ಏಳು ಸೆಂಟಿಮೀಟರ್‌ಗೆ ನಿಂತಿತು. ಎದೆಬಡಿತದ ಗೆರೆ ಕೆಡಲು ಶುರುವಾದಾಗ ಡಾಕ್ಟರು ಇನ್ನು ಕಾಯುವುದು ಬೇಡ ಅಂದರು. ಸಿಸೇರಿಯನ್ ಆಯಿತು, ರಕ್ತ ಹಾಕಿದರು, ಜ್ವರ ಬಂತು. ಮಗು ಚೆನ್ನಾಗಿದ್ದಾನೆ.

ನನಗೆ ಇವತ್ತಿಗೂ ಪ್ರಯತ್ನಿಸಿದ್ದಕ್ಕೆ ಬೇಸರ ಇಲ್ಲ. ಬೇಸರ ಆದದ್ದು ನಂತರ. ಬಾಣಂತನಕ್ಕೆ ಬಂದವರೆಲ್ಲ "ಸುಮ್ನೆ ಎರಡೂ ನೋವು ತಿಂದೆ" ಅಂದರು. ಮಲಗಿದಲ್ಲೇ ಅತ್ತಿದ್ದೇನೆ. ಪ್ರಯತ್ನಿಸುವವರ ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಇದು ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ.

ಹಾಸನದ ಅಮ್ಮ

ನಿಮಗೊಂದು ದೊಡ್ಡ ಅಪ್ಪುಗೆ. ನಮ್ಮ ಮನೆಯಲ್ಲೂ ಉಲ್ಟಾ ಮಾತು ಬಂದಿತ್ತು. ತುಪ್ಪ ತಿಂದದ್ದಕ್ಕೆ, ನೆಲ ಒರೆಸಿದ್ದಕ್ಕೆ ನಾರ್ಮಲ್ ಆಯಿತು ಅಂತ. ಹಾಗಿದ್ದರೆ ಮೊದಲ ಸಲ ನಾನು ಒರೆಸಲಿಲ್ಲವಾ? ಹೆರಿಗೆ ಹೇಗಾದರೂ ಅದರ ಲೆಕ್ಕವನ್ನು ಹೆಂಗಸಿನ ತಲೆಗೇ ಕಟ್ಟುವುದು ಯಾವಾಗ ನಿಲ್ಲುತ್ತದೋ.

ಶಿರಸಿಯ ಮಗಳು

ನಿನ್ನೆ ಡಾಕ್ಟರ ಹತ್ತಿರ ಹೋಗಿ ಬಂದೆವು. ಮಾಸು ಮೇಲಿದೆ. ಕೊಯ್ತ ಅಡ್ಡವೇ ಅಂತ ಖಚಿತವಾಯಿತು. ಪ್ರಯತ್ನಿಸುತ್ತೇನೆ ಅಂದೆ. ಬೆಂಗಳೂರಿನಲ್ಲೇ. ರಾತ್ರಿ ಅರಿವಳಿಕೆ ಡಾಕ್ಟರು ಒಳಗೇ ಇರುತ್ತಾರೆ, ರಕ್ತನಿಧಿ ಅದೇ ಕಟ್ಟಡದಲ್ಲಿದೆ, ಕೇಳಿಕೊಂಡೆ. ನೋವು ತಾನಾಗಿ ಬರುವವರೆಗೆ ಕಾಯುವುದು. ದಿನ ದಾಟಿದರೆ ಡ್ರಿಪ್ ಹಾಕಿ ನೋವು ಬರಿಸುವುದು ನನಗೆ ಬೇಡ, ಆಗ ಸಿಸೇರಿಯನ್ ಮಾಡಿ ಅಂತ ಹೇಳಿದ್ದೇನೆ. ಅದನ್ನು ಫೈಲಿನಲ್ಲಿ ಬರೆದುಕೊಂಡರು. ಮಗು ಮತ್ತೆ ತಿರುಗಿದರೂ ಸಿಸೇರಿಯನ್ನೇ.

ಅಮ್ಮನನ್ನು ಒಪ್ಪಿಸುವುದೇ ಕಷ್ಟವಾಯಿತು. ಕೊನೆಗೆ ಅವರೇ ಜುಲೈ ಕೊನೆಗೆ ಇಲ್ಲಿಗೆ ಬರುತ್ತಾರೆ. ಬಾಣಂತನದ ಸಾಮಾನೆಲ್ಲ ಹೊತ್ತು ತರುತ್ತಾರಂತೆ. ಮಗು ಸ್ವಲ್ಪ ಗಟ್ಟಿಯಾದ ಮೇಲೆ ಎಲ್ಲರೂ ಊರಿಗೆ ಹೋಗುವುದು. ಇನ್ನೊಂದೇ ಪ್ರಶ್ನೆ. ನೋವು ಶುರುವಾದಾಗ ಮನೆಯಲ್ಲಿ ಎಷ್ಟು ಹೊತ್ತು ಇರಬಹುದು? ಮೊದಲ ಸಲ ನೋವೇ ನೋಡಿಲ್ಲವಲ್ಲ.

ಲೇಬರ್ ವಾರ್ಡ್ ಸಿಸ್ಟರ್

ಮನೆಯಲ್ಲಿ ಕಾಯುತ್ತಾ ಕೂರಬೇಡಿ. ನೋವು ಬಿಟ್ಟು ಬಿಟ್ಟು ಒಂದೇ ಸಮನೆ ಬರಲು ಶುರುವಾದರೆ ಹೊರಡಿ. ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ. ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ, ಎರಡು ನೋವಿನ ನಡುವೆಯೂ ಹಳೆಯ ಗಾಯದ ಜಾಗ ಬಿಡದೆ ನೋಯುತ್ತಿದ್ದರೆ ಒಂದು ಗಳಿಗೆಯೂ ತಡ ಬೇಡ. ಚೆನ್ನಾಗಿ ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಂತರೂ ಅಷ್ಟೇ. ಬಾಗಿಲಲ್ಲೇ "ಹಿಂದೆ ಸಿಸೇರಿಯನ್ ಆಗಿದೆ" ಅಂತ ಮೊದಲು ಹೇಳಿ. ಆ ರಾತ್ರಿ ಪಾಳಿಯಲ್ಲಿ ಇರುವವರು ನಿಮ್ಮನ್ನು ನೋಡಿರುವುದಿಲ್ಲ. ಹಳೆಯ ಕಾಗದದ ಪ್ರತಿಯನ್ನು ತಾಯಿ ಕಾರ್ಡಿನೊಳಗೇ ಇಟ್ಟು ಕಾರ್ಡ್ ಗಂಡನ ಕೈಗೆ ಕೊಟ್ಟಿರಿ. ದೊಡ್ಡವಳು ಆ ರಾತ್ರಿ ಯಾರ ಹತ್ತಿರ ಮಲಗುತ್ತಾಳೆ ಅಂತಲೂ ಈಗಲೇ ಗೊತ್ತು ಮಾಡಿ. ಆ ಯೋಚನೆಗೇ ಎಷ್ಟೋ ಜನ ಹೊರಡಲು ತಡ ಮಾಡುತ್ತಾರೆ.